ದನಿ ಇಳಿದ ಮೇಲೂ ಹಾಡಿದವರು: ಗಂಗೂಬಾಯಿ ಹಾನಗಲ್ ಅವರಿಂದ ಕೆಲಸದ ಬಗ್ಗೆ ಏನು ಕಲಿಯಬಹುದು?

ಅರ್ಧತಾಳ (ಚರ್ಚೆ ಶುರು ಮಾಡಿದವರು)

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಾನು ಸಂಗೀತದವನಲ್ಲ. ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ಮ್ಯಾನುಯಲ್ ಟೆಸ್ಟಿಂಗ್ ಅಂತಾರೆ, ಅಂದರೆ ಕೂತು ಒಂದೊಂದೇ ಸ್ಕ್ರೀನ್ ತೆಗೆದು, ಬೇಕಂತಲೇ ತಪ್ಪು ತಪ್ಪಾಗಿ ಒತ್ತಿ, ಎಲ್ಲಿ ಮುರಿಯುತ್ತೆ ಅಂತ ನೋಡುವ ಕೆಲಸ. ಅದರಲ್ಲಿ ನನಗೆ ಹೆಸರಿತ್ತು. 'ಇವನ ಕೈಗೆ ಕೊಡಿ, ಹೇಗಾದರೂ ಒಡೆದು ತರ್ತಾನೆ' ಅನ್ನುತ್ತಿದ್ದರು. ಕಳೆದ ವರ್ಷ ಆ ಕೆಲಸವನ್ನೆಲ್ಲ ಸ್ಕ್ರಿಪ್ಟ್‌ಗಳಿಗೆ ಒಪ್ಪಿಸಿ ನಮ್ಮ ತಂಡವನ್ನೇ ಎತ್ತಿಬಿಟ್ಟರು. ವಯಸ್ಸು ಮೂವತ್ತೈದು. ಯಾವುದಕ್ಕೆ ಜನ ನನ್ನನ್ನು ಕರೆಯುತ್ತಿದ್ದರೋ ಅದೇ ಈಗ ಯಾರಿಗೂ ಬೇಡ.

ಆಗ ಒಂದು ರಾತ್ರಿ ನಿದ್ದೆ ಬರದೆ ಹಳೆ ರೆಕಾರ್ಡಿಂಗ್‌ಗಳನ್ನು ಕೇಳುತ್ತಾ ಕೂತಿದ್ದೆ. 1930ರ ದಶಕದ ಒಂದು ಗ್ರಾಮಫೋನ್ ತಟ್ಟೆ ಸಿಕ್ಕಿತು. ಮೂರು ನಿಮಿಷ ಅಷ್ಟೆ. ತೆಳ್ಳಗೆ ಮೇಲಕ್ಕೆ ಚಿಮ್ಮುವ ಹುಡುಗಿಯ ದನಿ. ಹಾಡಿದವರ ಹೆಸರು ಗಾಂಧಾರಿ ಅಂತಿತ್ತು. ಯಾರಪ್ಪಾ ಇವರು ಅಂತ ಹುಡುಕಿದರೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್! ನನಗೆ ಗೊತ್ತಿದ್ದ ಗಂಗೂಬಾಯಿ ಬೇರೆಯೇ. ಅಜ್ಜನ ರೇಡಿಯೋದಲ್ಲಿ ಬರುತ್ತಿದ್ದ, ಹಾಡುತ್ತಿರುವುದು ಗಂಡಸೋ ಹೆಂಗಸೋ ಅಂತ ಚಿಕ್ಕವನಿದ್ದಾಗ ಗೊಂದಲ ಆಗುತ್ತಿದ್ದ, ಬಾವಿಯೊಳಗಿಂದ ಎದ್ದು ಬಂದ ಹಾಗಿನ ದಪ್ಪ ದನಿ. ಎರಡೂ ಒಂದೇ ಗಂಟಲಾ ಅಂತ ನಂಬೋಕೇ ಆಗಲಿಲ್ಲ. ಆಮೇಲೆ ಓದಿ ತಿಳಿಯಿತು, ಟಾನ್ಸಿಲ್ ತೊಂದರೆಗೆ ಚಿಕಿತ್ಸೆ ಆದ ಮೇಲೆ ದನಿ ಪೂರ್ತಿ ಇಳಿದುಹೋಯಿತಂತೆ.

ಯೋಚಿಸಿ ನೋಡಿ. ಹಾಡುವವರಿಗೆ ಇರುವ ಬಂಡವಾಳವೇ ಅದು. ಅದೇ ಬದಲಾಯಿತು. ಆ ಮೇಲೂ ಅವರು ಹಾಡಿದ್ದು ಒಂದೆರಡು ವರ್ಷವಲ್ಲ. ಕೊನೆಯ ಕಛೇರಿ 2006ರಲ್ಲಿ, 93ನೇ ವಯಸ್ಸಿನಲ್ಲಿ. ನಾವು ಇವತ್ತು 'ಗಂಗೂಬಾಯಿ ದನಿ' ಅಂತ ಹೇಳುವುದು ಆ ಹಳೆಯ ದನಿಯನ್ನಲ್ಲ, ಈ ಎರಡನೆಯದನ್ನು.

ಆ ರಾತ್ರಿ ಎರಡೂ ತುಣುಕನ್ನು ಒಂದರ ಹಿಂದೊಂದು ಹಾಕಿ ಎಷ್ಟು ಸಲ ಕೇಳಿದೆನೋ. ಪ್ರಶ್ನೆ ಇಷ್ಟೇ. ಇದನ್ನು ನಾವು ಸುಮ್ನೆ ಬೆರಗಿನಿಂದ ಕೇಳಿ ಬಿಡಬೇಕಾ, ಅಥವಾ ನನ್ನಂಥವನಿಗೆ ಕೆಲಸಕ್ಕೆ ಬರುವ ಏನಾದರೂ ಇದೆಯಾ? ಇದ್ದರೆ ಅದು ಏನು? 'ಛಲ ಬಿಡಬೇಡ' ಅನ್ನುವುದನ್ನು ಬಿಟ್ಟು ಹೇಳಿ ದಯವಿಟ್ಟು. ಅದನ್ನು ಈ ಒಂದು ವರ್ಷದಲ್ಲಿ ಸಿಕ್ಕಸಿಕ್ಕವರೆಲ್ಲ ಹೇಳಿ ಆಗಿದೆ.

ಮಂದ್ರಷಡ್ಜ

ಹಿಂದೂಸ್ತಾನಿ ಕಲಿಯುತ್ತಿರುವವಳು ನಾನು, ಏಳನೇ ವರ್ಷ. ನೀವು ದನಿಯ ಹತ್ತಿರ ನಿಂತಿದ್ದೀರಿ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅವರ ಕಲಿಕೆ.

ಅವರ ಗುರು ಸವಾಯಿ ಗಂಧರ್ವರು, ಅಂದರೆ ಕುಂದಗೋಳದ ರಾಮಭಾವು. ಕಿರಾಣಾ ಘರಾನೆ, ಅಂದರೆ ಹಿಂದೂಸ್ತಾನಿ ಹಾಡಿಕೆಯ ಒಂದು ಪರಂಪರೆ. ಗಂಗೂಬಾಯಿ ಹುಬ್ಬಳ್ಳಿಯಲ್ಲಿದ್ದರು, ಪಾಠಕ್ಕೆ ರೈಲು ಹತ್ತಿ ಕುಂದಗೋಳಕ್ಕೆ ಹೋಗುತ್ತಿದ್ದರು. ಇಪ್ಪತ್ತು ಕಿಲೋಮೀಟರ್ ಆಸುಪಾಸು. ರಾತ್ರಿ ವಾಪಸ್ ಹೊರಟಾಗ ಸ್ಟೇಷನ್ ತನಕ ಜೊತೆಗೆ ನಡೆದು ಬರುತ್ತಿದ್ದ ಹುಡುಗ ಯಾರು ಗೊತ್ತಾ? ಅಲ್ಲೇ ಗುರುಗಳ ಮನೆಯಲ್ಲಿದ್ದು ಕಲಿಯುತ್ತಿದ್ದ ಭೀಮಸೇನ ಜೋಶಿ.

ಆದರೆ ಹೇಳಬೇಕಾಗಿರುವುದು ಪಾಠದ ರೀತಿ. ಗುರುಗಳು ಒಂದು ಸಣ್ಣ ತುಣುಕು ಕೊಡುತ್ತಿದ್ದರು. ಅದನ್ನೇ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಮುಂದಿನದಕ್ಕೆ ಹೋಗುವ ಅವಸರವೇ ಇಲ್ಲ. ಇದಕ್ಕೂ ಮೊದಲು ಬೇರೊಬ್ಬರ ಹತ್ತಿರ ಒಂದು ವರ್ಷದಲ್ಲಿ ಅರವತ್ತರ ಹತ್ತಿರ ಚೀಜುಗಳನ್ನು (ರಾಗದಲ್ಲಿ ಕಟ್ಟಿದ ಹಾಡುಗಳನ್ನು) ಕಲಿತಿದ್ದವರು ಅವರು. ಇಲ್ಲಿ ಬಂದರೆ ಒಂದು ಸಾಲಿಗೇ ತಿಂಗಳು. ಜಿಪುಣ ದುಡ್ಡನ್ನು ಹೇಗೆ ಖರ್ಚು ಮಾಡುತ್ತಾನೋ ಹಾಗೆ ಸ್ವರ ಬಳಸಬೇಕು ಅಂತ ಗುರುಗಳು ಕಲಿಸಿದ್ದನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಇದು ಕೇಳೋಕೆ ಚಂದ. ಮಾಡೋಕೆ ಹಿಂಸೆ. ನನ್ನ ಅನುಭವ ಹೇಳ್ತೀನಿ. ಯಮನ್ ರಾಗ ಶುರು ಮಾಡಿದಾಗ ನನ್ನ ಟೀಚರ್ 'ನಿ ರೇ ಗ' ಅಷ್ಟೇ ಕೊಟ್ಟರು. ಮೂರು ಸ್ವರ. ತಂಬೂರಿ ಹಚ್ಚಿಕೊಂಡು ನಿಷಾದದಲ್ಲಿ ನಿಲ್ಲು, ರಿಷಭ ಮುಟ್ಟು, ಗಂಧಾರಕ್ಕೆ ಬಂದು ನಿಲ್ಲು. ಎರಡನೇ ವಾರ ನನಗೆ ಅಳು ಬಂತು. ಮೂರನೇ ವಾರ ಸಿಟ್ಟು ಬಂತು. ಐದನೇ ವಾರದಲ್ಲಿ ಒಂದು ದಿನ, ಗಂಧಾರಕ್ಕೆ ಬಂದಾಗ ತಂಬೂರಿಯ ಒಳಗಿಂದಲೇ ಅದೇ ಗಂಧಾರ ಕೇಳಿಸಿತು. ತಂತಿಯಲ್ಲಿ ಅದು ಮೊದಲಿಂದಲೂ ಇತ್ತು. ಖರ್ಜದ (ಕೆಳಗಿನ ಷಡ್ಜದ) ತಂತಿ ಮೀಟಿದಾಗ ಅದರ ಅನುರಣನದಲ್ಲಿ ಗಂಧಾರ ಸಣ್ಣಗೆ ಇದ್ದೇ ಇರುತ್ತೆ, ಇದು ಭೌತಶಾಸ್ತ್ರ. ನನ್ನ ಕಿವಿಗೆ ಆವರೆಗೆ ಅದು ಬಿದ್ದಿರಲಿಲ್ಲ ಅಷ್ಟೆ.

ಆದ್ದರಿಂದ ಅರ್ಧತಾಳ ಅವರೇ, ದನಿ ಇಳಿದರೂ ಹಾಡು ಉಳಿದದ್ದು ಯಾಕೆ ಅಂದರೆ ಅವರು ಕಲಿತಿದ್ದು ದನಿಯನ್ನಲ್ಲ, ಸ್ವರದ ಜಾಗವನ್ನು. ಜಾಗ ಗೊತ್ತಿದ್ದರೆ ಯಾವ ಶ್ರುತಿಯಲ್ಲಾದರೂ ಹುಡುಕಿಕೊಳ್ಳಬಹುದು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇರಬಹುದು ಅಂತ ನನಗನಿಸುತ್ತೆ. ಸ್ಕ್ರೀನ್ ಒತ್ತುವುದು ನಿಮ್ಮ ದನಿ. ಎಲ್ಲಿ ಮುರಿಯುತ್ತೆ ಅಂತ ವಾಸನೆ ಹಿಡಿಯುವುದಿದೆಯಲ್ಲ, ಅದು ಬೇರೆ.

ಲೆಕ್ಕದಮೇಷ್ಟ್ರು

ಬೇಜಾರು ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ.

ಈ ಥರದ ಚರ್ಚೆಗಳಲ್ಲಿ ಯಾವಾಗಲೂ ಒಂದು ಮೋಸ ಇರುತ್ತೆ. ದನಿ ಕೆಟ್ಟ ಮೇಲೆ ಹಾಡು ಬಿಟ್ಟವರು ಎಷ್ಟು ಜನ? ಅವರ ಹೆಸರು ನಮಗೆ ಗೊತ್ತೇ ಇಲ್ಲ. ಗೊತ್ತಿದ್ದಿದ್ದರೆ 'ದನಿ ಕೆಟ್ಟರೆ ಬೇಗ ಬೇರೆ ಕೆಲಸ ನೋಡಿಕೊಳ್ಳಿ' ಅಂತ ಪಾಠ ಹೇಳುತ್ತಿದ್ದೆವು. ಗೆದ್ದವರನ್ನು ಹಿಡಿದುಕೊಂಡು ಹಿಂದಕ್ಕೆ ಗೆರೆ ಎಳೆದರೆ ಎಲ್ಲವೂ ದಾರಿ ಥರ ಕಾಣಿಸುತ್ತೆ. ಇನ್ನೂರು ಜನ ರೈಲು ಹತ್ತಿ ಪಾಠಕ್ಕೆ ಹೋಗಿರಬಹುದು, ನಮಗೆ ಒಬ್ಬರ ಟಿಕೆಟ್ ಮಾತ್ರ ನೆನಪಿರುತ್ತೆ.

ಇನ್ನೊಂದು. ಅವರಿಗೆ ಸವಾಯಿ ಗಂಧರ್ವರು ಸಿಕ್ಕರು. ಎಲ್ಲರಿಗೂ ಸಿಗ್ತಾರಾ? ನಿಮ್ಮ ಟೀಮ್ ಲೀಡ್ ಐದು ವಾರ ಮೂರು ಸ್ವರ ಹಾಡೋಕೆ ಬಿಡ್ತಾನಾ? ಸೋಮವಾರ ಸ್ಟೇಟಸ್ ಕೇಳ್ತಾನೆ.

ತುಪ್ಪದದೀಪ

ಮೇಷ್ಟ್ರೇ, ನಮ್ಮವನು ದಿನಕ್ಕೆ ಎರಡು ಸಲ ಕೇಳ್ತಾನೆ 😄

ಅರ್ಧತಾಳ

ಮೇಷ್ಟ್ರೇ, ನೀವು ಹೇಳಿದ್ದು ಸರಿ. ನಾನೂ ಅದನ್ನು ಯೋಚಿಸಿದ್ದೆ. ಆದರೆ 'ಅವರ ಥರ ಮಾಡಿದರೆ ನಾನೂ ಗೆಲ್ತೀನಾ' ಅಂತ ನಾನು ಕೇಳಿಲ್ಲ. ಗೆಲ್ಲುವುದು ಹಾಗಿರಲಿ. ಇರುವುದನ್ನು ಇಟ್ಟುಕೊಂಡು ನಾಳೆ ಬೆಳಗ್ಗೆ ಏನು ಮಾಡಬೇಕು ಅನ್ನುವುದಕ್ಕೆ ಒಂದು ಮಾದರಿ ಬೇಕಿತ್ತು.

ಮಂದ್ರಷಡ್ಜ ಅವರೇ, ಆ ಗಂಧಾರದ ಮಾತು ಓದಿ ಎರಡು ಸಲ ಎದ್ದು ಓಡಾಡಿದೆ. ಥ್ಯಾಂಕ್ಸ್.

ಶುಕ್ರವಾರಪೇಟೆ

ಎಲ್ಲರೂ ದನಿ, ಸ್ವರ ಅಂತ ಮಾತಾಡ್ತಿದ್ದೀರಿ. ಅವರು ಮೊದಲು ದಾಟಿದ ಗೋಡೆ ಅದಲ್ಲ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಕಥೆ ತೀರಾ ನುಣ್ಣಗಾಗುತ್ತೆ.

ಅವರು ಹುಟ್ಟಿದ್ದು 1913ರ ಮಾರ್ಚ್ 5, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಾಡುವ ಹೆಂಗಸರ ಮನೆ. ಆ ಕಾಲದಲ್ಲಿ ಅದರ ಅರ್ಥ ಏನು ಅಂತ ನಿಮಗೆಲ್ಲ ಗೊತ್ತಿದೆ. ಚಿಕ್ಕವರಿದ್ದಾಗ ಪಕ್ಕದ ಶ್ರೀಮಂತ ಬ್ರಾಹ್ಮಣರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದರಂತೆ. ಬೈಗುಳ ಬಿತ್ತು. ಕದ್ದಿದ್ದಕ್ಕಲ್ಲ. ಹಾಡುವವಳ ಮಗಳು ತೋಟಕ್ಕೆ ಕಾಲಿಟ್ಟಳಲ್ಲ ಅಂತ. ಮುಂದೆ ಅದೇ ಜನ ಮನೆಗೆ ಕರೆಯುತ್ತಿದ್ದರು ಅಂತ ಅವರೇ ನೆನಪಿಸಿಕೊಂಡಿದ್ದಾರೆ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ. ಅಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಈ ಹುಡುಗಿಯೂ ಇದ್ದಳು. ಹನ್ನೊಂದು ವರ್ಷ. ಗಾಂಧೀಜಿ ಎದುರು ಹಾಡುತ್ತಿದ್ದೇನೆ ಅನ್ನುವ ಖುಷಿಗಿಂತ ಆ ಮಗುವಿನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಊಟ ಆದ ಮೇಲೆ ಎಂಜಲೆಲೆ ಎತ್ತು ಅಂತ ತನಗೆ ಹೇಳಿಬಿಟ್ಟರೆ? ಈ ಭಯವನ್ನು ಅವರು ಮುದುಕಿಯಾದ ಮೇಲೂ ಮರೆತಿರಲಿಲ್ಲ. ನನಗೆ ಅವರ ಇಡೀ ಜೀವನದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಕಟ್ಟುವುದು ಇದು. ವೇದಿಕೆ ಮೇಲೆ ನಿಂತ ಮಗು ಎಲೆ ಎಣಿಸುತ್ತಿದೆ.

ಮತ್ತೆ ಹೆಸರಿನ ಕೊನೆಗೆ ಬರುವ 'ಬಾಯಿ' ವಿಷಯ. ಗಂಡಸು ಮುಸ್ಲಿಮನಾದರೆ ಉಸ್ತಾದ್ ಆಗ್ತಾನೆ, ಹಿಂದೂ ಆದರೆ ಪಂಡಿತ್ ಆಗ್ತಾನೆ, ಆದರೆ ಕೇಸರಬಾಯಿ, ಮೊಗೂಬಾಯಿಯಂಥ ದೊಡ್ಡ ಗಾಯಕಿಯರು ಬಾಯಿಯಾಗೇ ಉಳೀತಾರೆ ಅಂತ ಅವರು ಹೇಳಿದ್ದು ಬಹಳ ಜನಕ್ಕೆ ಗೊತ್ತು. ಸಿಟ್ಟಿನಿಂದ ಚೀರಿದ ಮಾತಲ್ಲ ಅದು. ನಗುತ್ತಾ ಚುಚ್ಚಿದ ಹಾಗಿದೆ.

ಆಫೀಸಿನಲ್ಲಿ ಹದಿನಾಲ್ಕು ವರ್ಷ ಕಳೆದ ಹೆಂಗಸಾಗಿ ಹೇಳ್ತೀನಿ, ನಾನು ಅವರಿಂದ ತೆಗೆದುಕೊಂಡಿದ್ದು ಇದನ್ನೇ. ಅನ್ಯಾಯ ಆದಾಗ ಅದಕ್ಕೊಂದು ಹೆಸರಿಟ್ಟು, ಎಲ್ಲರೆದುರು, ಚಿಕ್ಕದಾಗಿ ಹೇಳಿ, ಕೆಲಸಕ್ಕೆ ವಾಪಸ್ ಹೋಗೋದು. ಒಮ್ಮೆ ಮೀಟಿಂಗ್‌ನಲ್ಲಿ ನಾನು ಹೇಳಿದ ಐಡಿಯಾವನ್ನೇ ಹತ್ತು ನಿಮಿಷ ಬಿಟ್ಟು ಒಬ್ಬರು ತಮ್ಮದು ಅಂತ ಹೇಳಿದರು. 'ನಾನು ಹತ್ತು ನಿಮಿಷದ ಹಿಂದೆ ಹೇಳಿದಾಗ ಇದು ಇಷ್ಟು ಚೆನ್ನಾಗಿರಲಿಲ್ಲ ಅಲ್ವಾ' ಅಂದೆ. ಎಲ್ಲರೂ ನಕ್ಕರು. ಮಿನಿಟ್ಸ್‌ನಲ್ಲಿ ನನ್ನ ಹೆಸರು ಬಂತು.

ಹಳೇರೇಡಿಯೋ

ನನಗೆ 71. ಮೊಮ್ಮಗ ಈ ಚರ್ಚೆ ತೋರಿಸಿದ. ಟೈಪ್ ಮಾಡೋಕೆ ಹೊತ್ತು ಹಿಡಿಯುತ್ತೆ, ತಪ್ಪಿದ್ದರೆ ಕ್ಷಮಿಸಿ.

ಅವರ ಕಛೇರಿ ಮೂರ್ನಾಲ್ಕು ಸಲ ಕೇಳಿದ್ದೇನೆ. ಕುಳ್ಳಗಿನ ಸಣ್ಣ ದೇಹ. ಸೆರಗು ಹೊದ್ದು, ಮೂಗುತಿ ಹಾಕಿಕೊಂಡು, ಮನೆಯ ಹಿರಿಯಜ್ಜಿ ಪೂಜೆಗೆ ಬಂದ ಹಾಗೆ ಬಂದು ಕೂರುತ್ತಿದ್ದರು. ಒಂದು ಕೈ ಕಿವಿಗೆ. ಷಡ್ಜ ಹಚ್ಚಿದರೆ ಮುಗಿಯಿತು, ಹಿಂದಿನ ಸಾಲಿನಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರೂ ಕೈ ನಿಲ್ಲಿಸುತ್ತಿದ್ದರು. ಹೆಂಗಸರು ಸಾಮಾನ್ಯವಾಗಿ ಹಾಡುವ ಶ್ರುತಿಗಿಂತ ಬಹಳ ಕೆಳಗೆ ಅವರ ಶ್ರುತಿ.

ಜೊತೆಗೆ ಮಗಳು ಕೃಷ್ಣಾ ಹಾಡುತ್ತಿದ್ದರು. ಇದನ್ನು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ತಾಯಿಯದು ಗಡಸು, ಮಗಳದು ಮೆತ್ತಗೆ. ತಾಯಿ ಒಂದು ಕಡೆ ಸ್ವರ ಬಿಟ್ಟರೆ ಮಗಳು ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು, ಮತ್ತೆ ತಾಯಿ. ಅರ್ಧತಾಳ ಅವರು ಹೇಳಿದ ಆ ಹಳೆಯ ತೆಳ್ಳನೆ ದನಿ ಪಕ್ಕದಲ್ಲೇ ಕೂತ ಹಾಗೆ ಅಂತ ಈಗ ಅನಿಸುತ್ತೆ, ಆಗ ಹೊಳೆದಿರಲಿಲ್ಲ. ಕೃಷ್ಣಾ 2004ರಲ್ಲಿ ತೀರಿಕೊಂಡರು. ತಾಯಿ ಅದಾದ ಮೇಲೂ ಹಾಡಿದರು.

ಇನ್ನು ಅಂಬಾಬಾಯಿಯವರ ವಿಷಯ. ಅಂಬಾಬಾಯಿ ಹಾಡು ಕೇಳೋಕೆ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್ ಸಾಹೇಬರೇ ಮನೆಗೆ ಬರುತ್ತಿದ್ದರು, ಅಷ್ಟು ದೊಡ್ಡ ವಿದ್ವತ್ತು. ಮಗಳು ಹಿಂದೂಸ್ತಾನಿ ಕಡೆ ಹೊರಳಿದಾಗ ಮಗಳ ಕಿವಿಯಲ್ಲಿ ಎರಡೂ ಕಲಸುಮೇಲೋಗರ ಆಗಬಾರದು ಅಂತ ತಮ್ಮ ಹಾಡನ್ನೇ ನಿಲ್ಲಿಸಿದರು. ಮನೆಯಲ್ಲಿ ಹಾಡು ಗುನುಗುವುದನ್ನು ನಿಲ್ಲಿಸುವುದು ಎಷ್ಟು ಕಷ್ಟ ಅಂತ ಹಾಡುವವರನ್ನು ಕೇಳಿ. 1932ರಲ್ಲಿ ಅವರು ಹೋಗಿಬಿಟ್ಟರು. ಮಗಳಿಗೆ ಆಗಿನ್ನೂ 19.

ನೀವೆಲ್ಲ ಗಂಗೂಬಾಯಿಯವರಿಂದ ಏನು ಕಲಿಯಬೇಕು ಅಂತ ಕೇಳುತ್ತಿದ್ದೀರಿ. ನಾನು ಅಂಬಾಬಾಯಿಯನ್ನು ನೆನೆಯುತ್ತೇನೆ. ಇಬ್ಬರು ಗಂಡುಮಕ್ಕಳನ್ನು ಬೆಳೆಸಿದೆ, ನಾನು ಅವರಿಗಾಗಿ ಬಿಟ್ಟದ್ದು ಬೀಡಿ ಒಂದನ್ನೇ. ಅದೂ ಡಾಕ್ಟರು ಹೇಳಿದ ಮೇಲೆ.

ತುಪ್ಪದದೀಪ

ಅಜ್ಜಾ ❤️

ಸಂಜೆಪ್ಯಾಸೆಂಜರ್

ಹುಬ್ಬಳ್ಳಿ ಕಡೆಯವನು, ಆ ರೈಲು ದಾರಿಯಲ್ಲಿ ಓಡಾಡಿದವನು. ಅದಕ್ಕೇ ಒಂದು ಮಾತು.

ರೈಲಿನ ಕಥೆಯನ್ನು ಎಲ್ಲರೂ ಭಕ್ತಿಯಿಂದ ಹೇಳ್ತೀರಿ. ಮನೆಯಲ್ಲಿ ಏನಿತ್ತು ಅಂತ ಯೋಚಿಸಿದ್ದೀರಾ? ಮೂರು ಮಕ್ಕಳು. ಗಂಡ ಗುರುರಾವ್ ಕೌಲಗಿ ಓದಿದ್ದು ವಕೀಲಿ, ಮಾಡಿದ್ದು ಒಂದಾದ ಮೇಲೊಂದು ವ್ಯಾಪಾರ, ಆಗಿದ್ದು ನಷ್ಟ. ಮನೆ ನಡೆಯುತ್ತಿದ್ದದ್ದು ಇವರ ಹಾಡಿನಿಂದ. ಅಂದರೆ ಒಂದು ಕಡೆ ಗುರುಗಳು ಒಂದೇ ತುಣುಕು ಹಾಡಿಸುತ್ತಿದ್ದಾರೆ, ಇನ್ನೊಂದು ಕಡೆ ಮನೆಗೆ ದುಡ್ಡು ಬೇಕು. ಅವರು ಎರಡನ್ನೂ ನಡೆಸಿದರು. ರೇಡಿಯೋ, ಗ್ರಾಮಫೋನ್, ಊರೂರಿನ ಕಛೇರಿ. ಶುರುವಿನಲ್ಲಿ ಭಜನೆ, ಭಾವಗೀತೆ, ಠುಮ್ರಿಯಂಥ ಹಗುರ ಶೈಲಿಯವನ್ನೆಲ್ಲ ಹಾಡಿದ್ದಾರೆ. ಆಮೇಲೆ ಖಯಾಲ್ (ರಾಗವನ್ನು ವಿಸ್ತಾರವಾಗಿ ಹಾಡುವ ಶಾಸ್ತ್ರೀಯ ಪ್ರಕಾರ) ಬಿಟ್ಟು ಬೇರೇನೂ ಹಾಡಲ್ಲ ಅಂದರು.

ಈ ಕ್ರಮ ಮುಖ್ಯ. ನಮ್ಮ ಮೋಟಿವೇಶನ್ ಮಾತುಗಾರರು ಕೊನೆಯ ಭಾಗವನ್ನು ಮಾತ್ರ ಹೇಳ್ತಾರೆ: 'ನೋಡಿ, ರಾಜಿ ಮಾಡಿಕೊಳ್ಳಲಿಲ್ಲ!' ಮಕ್ಕಳಿಗೆ ಊಟ ಹಾಕುವ ತನಕ ಏನು ಹಾಡಬೇಕೋ ಹಾಡಿದರು, ಕಾಲೂರಿದ ಮೇಲೆ ಒಲ್ಲೆ ಅಂದರು. ನಾನು ಮೊದಲನೇ ಕೆಲಸ ಬಿಟ್ಟಿದ್ದು ಇದೇ ಥರದ ಮಾತು ಕೇಳಿ, ಕೈಯಲ್ಲಿ ಎರಡು ತಿಂಗಳ ಬಾಡಿಗೆ ದುಡ್ಡೂ ಇಲ್ಲದೆ. ಆದದ್ದು ಏನು ಅಂತ ಹೇಳೋದು ಬೇಡ, ಅಕ್ಕನ ಮನೆಯಲ್ಲಿ ಏಳು ತಿಂಗಳು ಇದ್ದೆ. ಅಕ್ಕನ ಮಗನಿಗೆ ಲೆಕ್ಕ ಹೇಳಿಕೊಡುವುದೇ ನನ್ನ ಬಾಡಿಗೆ.

ಲೆಕ್ಕದಮೇಷ್ಟ್ರು

ಹಾಂ, ಇದು ಮಾತು. ಸಂಜೆಪ್ಯಾಸೆಂಜರ್ ಅವರಿಗೆ ನನ್ನ ಪೂರ್ತಿ ಮಾರ್ಕು.

'ಒಲ್ಲೆ' ಅನ್ನುವುದಕ್ಕೂ ಒಂದು ಬೆಲೆ ಇದೆ, ಅದನ್ನು ಮೊದಲೇ ಕೂಡಿಡಬೇಕು. ಅವರು ಹಾಗೆ ಲೆಕ್ಕ ಹಾಕಿ ಮಾಡಿದರು ಅಂತ ನಾನು ಹೇಳಲ್ಲ. ನಡೆದದ್ದು ಮಾತ್ರ ಆ ಕ್ರಮದಲ್ಲಿ.

ಮಂದ್ರಷಡ್ಜ

ಒಪ್ಪಿದೆ. ಆದರೆ ಖಯಾಲ್ ಮಾತ್ರ ಅನ್ನುವುದರ ಹಿಂದೆ ಬರೀ ತತ್ವ ಇರಲಿಲ್ಲ ಅಂತ ನನ್ನ ಊಹೆ. ಆ ಎರಡನೇ ದನಿ ಇದೆಯಲ್ಲ, ಅದು ಠುಮ್ರಿಗೆ ಒಗ್ಗುವಂಥದ್ದಲ್ಲ. ಠುಮ್ರಿಗೆ ಬಳುಕು ಬೇಕು, ಸಣ್ಣ ಸಣ್ಣ ಮುರ್ಕಿ, ಅಂದರೆ ಸ್ವರಗಳ ಚುರುಕು ತಿರುವು ಬೇಕು. ಈ ದನಿಗೆ ನಿಂತ ಸ್ವರ, ನಿಧಾನದ ಬಢತ್ (ರಾಗ ಬೆಳೆಸುವುದು), ಒಂದೊಂದೇ ಮೆಟ್ಟಿಲು. ಕಿರಾಣಾದ ವಿಲಂಬಿತ್ (ನಿಧಾನಗತಿಯ ಹಾಡಿಕೆ) ಅಂದರೆ ಅದೇ. ದನಿ ಏನು ಬೇಡುತ್ತೋ ಅದನ್ನು ಕೊಟ್ಟರು. ಬೇಡವಾದದ್ದು ತಾನಾಗಿ ಉದುರಿತು.

ಅವರ ಮಾರ್ವಾ ಅಥವಾ ಪೂರಿಯಾ ಧನಾಶ್ರೀ ರಾಗ ಕೇಳಿ ನೋಡಿ, ಸಂಜೆ ಹೊತ್ತಿನಲ್ಲಿ. ಮಾರ್ವಾದಲ್ಲಿ ಷಡ್ಜವನ್ನು ಬಹಳ ಹೊತ್ತು ಕೊಡುವುದೇ ಇಲ್ಲ, ಕೋಮಲ ರಿಷಭ ಮತ್ತು ಧೈವತದ ಮೇಲೇ ನಿಲ್ಲಿಸಿ ನಮ್ಮನ್ನು ಕಾಯಿಸುತ್ತಾರೆ, ಕೇಳುವವರಿಗೆ ಮನೆಗೆ ಹೋಗಬೇಕು ಅನಿಸುತ್ತೆ, ಬಾಗಿಲು ಮಾತ್ರ ತೆರೆಯಲ್ಲ. ಕೊನೆಗೆ ಷಡ್ಜ ಬಂದಾಗ ಉಸಿರು ಬಿಟ್ಟ ಹಾಗೆ. ತೆಳ್ಳನೆ ದನಿಯಲ್ಲಿ ಈ ಭಾರ ಬರುತ್ತಿತ್ತಾ? ಬರುತ್ತಿತ್ತೇನೋ, ಬೇರೆ ಥರ.

ಅರ್ಧತಾಳ

ಇಲ್ಲಿ ನನ್ನ ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಪೋಸ್ಟ್ ಬರೆದಾಗ ನನ್ನ ತಲೆಯಲ್ಲಿದ್ದದ್ದು: ದನಿ ಹೋಯಿತು, ಆದರೂ ಹಾಡಿದರು. 'ಆದರೂ' ಅನ್ನುವುದೇ ತಪ್ಪು ಅಂತ ಈಗ ಅನಿಸುತ್ತಿದೆ. ಆ ದನಿಯಿಂದಲೇ ಹಾಡಿದರು. ನಾನು ಒಂದು ವರ್ಷ ಪೂರ್ತಿ ಮಾಡಿದ್ದು ಏನು ಗೊತ್ತಾ, ಎಲ್ಲ ಇಂಟರ್‌ವ್ಯೂನಲ್ಲಿ ನನ್ನ ಮ್ಯಾನುಯಲ್ ಟೆಸ್ಟಿಂಗ್ ವರ್ಷಗಳನ್ನು ಬಚ್ಚಿಡುವುದು. ರೆಸ್ಯೂಮೆಯಲ್ಲಿ ಅದನ್ನು ಎರಡು ಸಾಲಿಗೆ ಇಳಿಸಿ, ಮೇಲೆ ನಾಲ್ಕು ವಾರದಲ್ಲಿ ಕಲಿತ ಆಟೊಮೇಷನ್ ಕೋರ್ಸ್ ಅನ್ನು ದಪ್ಪಕ್ಷರದಲ್ಲಿ ಹಾಕಿದ್ದೆ. ಇಪ್ಪತ್ತೆರಡರ ಹುಡುಗರ ಮುಂದೆ ಇಪ್ಪತ್ತೆರಡರ ದನಿಯಲ್ಲಿ ಹಾಡೋಕೆ ಹೋದ ಹಾಗೆ. ಅವರು ನನಗಿಂತ ಚೆನ್ನಾಗಿ ಹಾಡ್ತಾರೆ.

ಶುಕ್ರವಾರಪೇಟೆ

ಈ ಸಾಲುಗಳನ್ನು ಪ್ರಿಂಟ್ ತೆಗೆದು ನಮ್ಮ ಎಚ್‌ಆರ್‌ಗೆ ಕೊಡಬೇಕು ಅನಿಸ್ತಿದೆ.

ಒಂದು ಸೇರಿಸ್ತೀನಿ. ಪದ್ಮಭೂಷಣ ಬಂದಾಗ ಅವರಿಗೆ 58, ವರ್ಷ 1971. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1973ರಲ್ಲಿ. ಪದ್ಮವಿಭೂಷಣ 2002ರಲ್ಲಿ, ಆಗ 89. ಮೂವತ್ತೈದಕ್ಕೆ ಎಲ್ಲ ಮುಗಿಯಿತು ಅನ್ನುವವರು ಲೆಕ್ಕ ಹಾಕಿಕೊಳ್ಳಿ. ಮೇಷ್ಟ್ರು ಬಂದು ಇದೂ ಗೆದ್ದವರ ಲೆಕ್ಕ ಅಂತಾರೆ, ಗೊತ್ತು 🙂

ಲೆಕ್ಕದಮೇಷ್ಟ್ರು

ಅನ್ನಲ್ಲ. ಈ ಸಲ ಬಿಟ್ಟಿದ್ದೇನೆ.

ನೀಲಿಪೆನ್ನು

ಇಷ್ಟು ದಿನ ಬರೀ ಓದ್ತಿದ್ದೆ. ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡುವವಳು. ಒಂದು ಅನುಮಾನ.

ಅದೇ ತುಣುಕನ್ನು ತಿಂಗಳುಗಟ್ಟಲೆ ಹಾಡಿಸುವ ಪಾಠವನ್ನು ನಾವು ಸುಲಭವಾಗಿ ಹೊಗಳುತ್ತೇವೆ. ಅದೇ ಹೆಸರಿನಲ್ಲಿ ಮಕ್ಕಳನ್ನು ಸಾಯಿಸುವ ಮೇಷ್ಟ್ರುಗಳೂ ಇದ್ದಾರೆ. 'ನಾನು ಹೇಳಿದ್ದನ್ನು ನೂರು ಸಲ ಬರಿ.' ನನಗೂ ಅಂಥವರಿದ್ದರು. ನೂರು ಸಲ ಬರೆದೆ, ಏನೂ ತಲೆಗೆ ಹೋಗಲಿಲ್ಲ, ಕೈ ನೋಯಿತು. ವ್ಯತ್ಯಾಸ ಎಲ್ಲಿದೆ?

ಮಂದ್ರಷಡ್ಜ

ಒಳ್ಳೆ ಪ್ರಶ್ನೆ. ನನಗೆ ಗೊತ್ತಿರುವಷ್ಟು ಹೇಳ್ತೀನಿ. ನನ್ನ ಟೀಚರ್ ಆ ಐದು ವಾರವೂ ಎದುರಿಗೆ ಕೂತು ಕೇಳುತ್ತಿದ್ದರು. ಫೋನ್ ನೋಡುತ್ತಿರಲಿಲ್ಲ. ಪ್ರತಿ ಸಲ ಏನೋ ಒಂದು ಬೇರೆ ಹೇಳುತ್ತಿದ್ದರು: ಈಗ ಉಸಿರು ಮೊದಲೇ ಬಿಟ್ಟೆ, ಈಗ ರಿಷಭವನ್ನು ಹೆದರಿ ಮುಟ್ಟಿದೆ, ಈಗ ಗಂಧಾರ ಒಂದು ಕೂದಲಷ್ಟು ಕೆಳಗಿದೆ. ನಾನು ಹಾಡಿದ್ದು ಒಂದೇ, ಅವರು ಕೇಳಿದ್ದು ಪ್ರತಿ ಸಲ ಬೇರೆ. ನಿಮ್ಮ ಮೇಷ್ಟ್ರು ನೂರು ಸಲ ಬರೆಸಿ ಒಂದನ್ನಾದರೂ ಓದಿದರಾ?

ನೀಲಿಪೆನ್ನು

ಇಲ್ಲ. ಕೊನೆಯ ಪುಟಕ್ಕೆ ಸಹಿ ಹಾಕಿದರು.

ನಾಳೆ ನನ್ನ ಹತ್ತಿರ ನಲವತ್ತೆರಡು ನೋಟ್‌ಬುಕ್ ಇವೆ. ಸಹಿ ಹಾಕೋಕೆ ಅಂತಲೇ ಇಟ್ಟುಕೊಂಡಿದ್ದೆ. ಹಾಳಾಗಿ ಹೋಗ್ಲಿ, ಓದ್ತೀನಿ.

ಹಳೇರೇಡಿಯೋ

ಇನ್ನೊಂದು ನೆನಪಾಯಿತು. ಗಂಗೂಬಾಯಿಯವರಿಗೆ ಶಾಲೆ ಕಲಿಕೆ ಐದನೇ ಇಯತ್ತೆಯವರೆಗೆ. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕಿ. ಈಗ ಮೈಸೂರಿನಲ್ಲಿರುವ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಕಣ್ಣು ದಾನ ಮಾಡಿದ್ದರು. ಆವತ್ತು ರೇಡಿಯೋ ಹಚ್ಚಿ ಕೂತಿದ್ದೆ. ನಮ್ಮ ಮನೆಯವಳು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಆಕೆಗೆ ಸಂಗೀತ ಅಷ್ಟಕ್ಕಷ್ಟೇ. ಆದರೂ ಕೂತಳು.

ಸಂಜೆಪ್ಯಾಸೆಂಜರ್

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಅವರ ಮನೆ ಇದೆ, ಗಂಗಾಲಹರಿ. ಆ ಕಡೆ ಬಂದವರು ನೋಡಿ.

ಅರ್ಧತಾಳ

ಮೂರು ವಾರ ಆಯಿತು, ಹೇಗಿದ್ದೀಯ ಅಂತ ಇಬ್ಬರು ಮೆಸೇಜ್ ಮಾಡಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ರೆಸ್ಯೂಮೆ ತಿರುಗಿಸಿ ಬರೆದೆ. ಒಂಬತ್ತು ವರ್ಷ ಮೇಲೆ ಬಂತು. ಕೋರ್ಸ್ ಕೆಳಗೆ ಹೋಯಿತು. ಮೊದಲ ಪುಟದಲ್ಲಿ ನಾನು ಹಿಡಿದ ಹನ್ನೊಂದು ತಪ್ಪುಗಳ ಕಥೆ ಬರೆದೆ, ಪ್ರತಿಯೊಂದಕ್ಕೆ ಮೂರು ಸಾಲು, ಹೇಗೆ ವಾಸನೆ ಬಂತು ಅಂತ. ಒಂದು ಉದಾಹರಣೆ: ಒಂದು ಹಣ ಕಟ್ಟುವ ಆ್ಯಪ್‌ನಲ್ಲಿ ನೆಟ್‌ವರ್ಕ್ ಹೋಗಿ ವಾಪಸ್ ಬಂದಾಗ ಬಟನ್ ಒಂದು ಕ್ಷಣ ಮತ್ತೆ ಹೊಳೆಯುತ್ತಿತ್ತು. ಅಷ್ಟೇ. ಆ ಹೊಳಪು ನನಗೆ ಹಿಡಿಸಲಿಲ್ಲ. ಒತ್ತಿದೆ. ಎರಡು ಸಲ ಹಣ ಹೋಯಿತು. ಸ್ಕ್ರಿಪ್ಟ್ ಹಿಂದಿನ ದಿನವೇ ಎಲ್ಲ ಸರಿ ಅಂತ ಹಸಿರು ಟಿಕ್ ಹಾಕಿತ್ತು.

ನಾಲ್ಕು ಕಡೆ ಕಳಿಸಿದೆ. ಎರಡು ಕಡೆ ಉತ್ತರವೇ ಇಲ್ಲ. ಒಂದು ಕಡೆ ಓದಿ, ಚೆನ್ನಾಗಿದೆ, ಜಾಗ ಇಲ್ಲ ಅಂದರು. ಇನ್ನೊಂದು ಕಡೆ ಮಾತಿಗೆ ಕರೆದರು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ. ಒಂದು ಗಂಟೆಯಲ್ಲಿ ನಲವತ್ತು ನಿಮಿಷ ಆ ಬಟನ್ ಬಗ್ಗೆಯೇ ಕೇಳಿದರು. ಮೊದಲಿನ ಸಂಬಳಕ್ಕಿಂತ ಕಡಿಮೆ, ಆರು ತಿಂಗಳ ಕಾಂಟ್ರ್ಯಾಕ್ಟ್. ಸೇರಿದ್ದೇನೆ. ಮೇಷ್ಟ್ರೇ, ಇದು ಗೆಲುವು ಅಂತ ಬರೆಯುತ್ತಿಲ್ಲ, ನಿಮ್ಮ ಕೆಂಪು ಪೆನ್ನು ಒಳಗಿಡಿ.

ಆಟೊಮೇಷನ್ ಕಲಿಯುವುದನ್ನೂ ಬಿಟ್ಟಿಲ್ಲ. ಆದರೆ ಈಗ ದಿನಾ ಬೆಳಗ್ಗೆ ಒಂದು ಗಂಟೆ ಒಂದೇ ಕೆಲಸ: ಒಂದು ಸಣ್ಣ ಸ್ಕ್ರಿಪ್ಟ್, ಇಪ್ಪತ್ತು ಸಾಲು, ಅದನ್ನೇ ಅಳಿಸಿ ಮತ್ತೆ ಬರೆಯುವುದು. ಹದಿನಾರನೇ ದಿನ ಇವತ್ತು. ಇನ್ನೂ ಗಂಧಾರ ಕೇಳಿಸಿಲ್ಲ.

ಮಂದ್ರಷಡ್ಜ

ನನಗೆ ಮೂವತ್ತೆರಡು ದಿನ ಬೇಕಾಯಿತು. ಯಾವ ಹೊತ್ತಿಗೆ ಕೂರ್ತೀರಿ?

ಅರ್ಧತಾಳ

ಐದೂವರೆಗೆ. ಪಕ್ಕದ ಮನೆಯ ಮಿಕ್ಸಿ ಶುರುವಾಗೋಕೆ ಮುಂಚೆ.